ಬೋಗುಣಿ ನೀರಿನ ಪಾಠ

ಸಣ್ಣ ಮಕ್ಕಳ ಮುಂದೆ ಜಂಬ ಮಾಡಿ ಗೆದ್ದವರನ್ನು ನಾನಂತೂ ಕಂಡಿಲ್ಲ. ಎಪ್ಪತ್ತರ ದಶಕದಲ್ಲಿ ಬಳ್ಳಾರಿಗೆ ಬಾಲವಾಡಿ ಟೀಚರ್ ಟ್ರೇನಿಂಗಿಗೆ ಹೋದಾಗಿನಿಂದ ಇದನ್ನೇ ನೋಡುತ್ತಿದ್ದೇನೆ. ಸಿರುಗುಪ್ಪದಲ್ಲಿ ಬಸ್ಸು ಹತ್ತಿಸುವಾಗಲೇ ನಮ್ಮಪ್ಪ ಹೇಳಿದ್ದ: "ಫೇಲಾದ್ರ ಸೀದಾ ಮನಿಗೆ ಬಾ, ವರ ನೋಡಿಟ್ಟೀನಿ." ಆ ವರನನ್ನು ನಾನೂ ನೋಡಿದ್ದೆ. ಹಾಗಾಗಿ ಪಾಸಾಗಲೇಬೇಕಿತ್ತು.

೧. ಅಭಿಪ್ರಾಯ

ಮೊದಲ ವಾರವೇ ಟ್ರೇನಿಂಗಿನ ಮೇಡಂ ನಮ್ಮನ್ನೆಲ್ಲ ಕೇಳಿದರು: "ಮೂರು ವರ್ಷದ ಮಕ್ಕಳಿಗೆ ವಿಜ್ಞಾನ ಬೇಕೋ ಬ್ಯಾಡೋ?"

"ಮೊದ್ಲು ಮೂಗು ಒರಸಿಕೊಳ್ಳಾಕ ಬರ್ಲಿ ಬಿಡ್ರಿ" ಎಂದಳು ಒಬ್ಬಳು. "ಒಂದು ರೇಡಿಯೋ ತೋರಿಸಿದ್ರ ಸಾಕ್ರಿ" ಎಂದಳು ಇನ್ನೊಬ್ಬಳು. ನಾನು ಎದ್ದು, ಮಕ್ಕಳೆಂದರೆ ಹುಟ್ಟಾ ವಿಜ್ಞಾನಿಗಳು ಅಂತ ಐದು ನಿಮಿಷ ಕೊರೆದೆ.

ಮೇಡಂ ತಣ್ಣಗೆ ಕೇಳಿದರು: "ನಿನಗ ತಮ್ಮ, ತಂಗಿ ಯಾರರ ಅದಾರೇನವಾ?"

"ಇಲ್ರಿ."

"ಅದಕ್ಕ."

೨. ಮೊಳಕೆ

ಅಭ್ಯಾಸಕ್ಕೆ ನನ್ನನ್ನು ಕುರುಗೋಡಿನ ಒಂದು ಬಾಲವಾಡಿಗೆ ಹಾಕಿದರು. ಬೀಜ ಗಿಡವಾಗುವುದನ್ನು ತೋರಿಸೋಣ ಅಂತ ಹೆಸರುಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟೆ. ಮಕ್ಕಳು ದಿನಾ ಬಿಚ್ಚಿ ನೋಡುತ್ತಿದ್ದರು. ಮೂರನೆಯ ದಿನ ಬಂದು ನೋಡಿದರೆ ಬಟ್ಟೆ ಹಗ್ಗದ ಮೇಲೆ ಒಣಗುತ್ತಿದೆ!

ಅಡುಗೆಯ ಆಯಾ ಖುಷಿಯಿಂದ ಹೇಳಿದಳು: "ಎಂಥಾ ಚಂದ ಮೊಳಕಿ ಬಂದಿದ್ವು ಟೀಚರ್! ಇಟ್ರ ಕೆಟ್ಟು ಹೋಗ್ತಾವು ಅಂತ ಉಪ್ಪಿಟ್ಟಿಗೆ ಹಾಕಿಬಿಟ್ಟೆ."

ಅಳು ಬಂದಿತ್ತು, ಆದರೂ ಪಾಠ ಬಿಡಲಿಲ್ಲ. "ಕಾಳು ನೆನೆದರೆ ಏನಾಗುತ್ತದೆ ಮಕ್ಕಳೇ?"

ಎಲ್ಲರೂ ಒಟ್ಟಿಗೆ ಕೂಗಿದರು: "ಉಪ್ಪಿಟ್ಟು!"

೩. ಪರೀಕ್ಷೆ

ನನ್ನ ಪಾಠ ಪರೀಕ್ಷಿಸಲು ಬಂದ ಸಾಹೇಬರು ಬಾಗಿಲಲ್ಲಿ ಚರ್ಮದ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತರು. "ಇಷ್ಟು ಸಣ್ಣವಕ್ಕ ವಿಜ್ಞಾನ ಎಲ್ಲಿ ತಿಳೀತೈತಿ? ಇರ್ಲಿ, ಮಕ್ಕಳೇ ಮಾಡ್ಲಿ. ನೀ ನಡುವ ಬಾಯಿ ಹಾಕಬ್ಯಾಡ" ಎಂದರು.

ಅಗಲವಾದ ಬೋಗುಣಿಯಲ್ಲಿ ನೀರಿಟ್ಟೆ. ಮಕ್ಕಳಿಗೆ ನಾನು ಕಲಿಸಿದ್ದ ಕ್ರಮ ಇಷ್ಟೇ: ವಸ್ತು ತೇಲುತ್ತದೋ ಮುಳುಗುತ್ತದೋ ಮೊದಲು ಎಲ್ಲರನ್ನೂ ಕೇಳಬೇಕು, ಆಮೇಲೆ ನೀರಿಗೆ ಹಾಕಬೇಕು. ತಪ್ಪು ಹೇಳಿದವರನ್ನು ಬೈಯಬಾರದು, ಮರುದಿನ ಮತ್ತೆ ಕೇಳಬೇಕು.

ಎಲೆ, ಕಲ್ಲು, ಚಮಚ ಮುಗಿದವು. ನಾಲ್ಕು ವರ್ಷದ ಹುಡುಗಿಯೊಬ್ಬಳು ಹೊರಗೆ ಓಡಿ ಸಾಹೇಬರ ಚಪ್ಪಲಿ ತಂದಳು! ನಾನು ಬಾಯಿ ತೆರೆದೆ, ಅಪ್ಪಣೆ ನೆನಪಾಗಿ ಮುಚ್ಚಿಕೊಂಡೆ. ಒಂದನ್ನು ನೀರಿಗೆ ಬಿಟ್ಟಳು. ತೇಲಿತು.

"ಏ, ಏ, ಏ!" ಸಾಹೇಬರು ಎದ್ದರು. ಸತ್ತೆ ಅಂದುಕೊಂಡೆ. ವರನ ಮುಖ ಕಣ್ಣ ಮುಂದೆ ಬಂತು.

ಹುಡುಗಿ ಇನ್ನೊಂದನ್ನು ನೀರಿನ ಮೇಲೆ ಹಿಡಿದು ನಿಂತಿದ್ದಳು. "ತಡೀರಿ ಸಾಹೇಬ್ರ. ಮೊದ್ಲು ಹೇಳ್ರಿ, ಇದು ತೇಲತೈತೋ ಮುಳುಗತೈತೋ?"

ಮಕ್ಕಳೆಲ್ಲ ಅವರನ್ನೇ ನೋಡುತ್ತಿದ್ದರು. "ಅದು ತೇಲಿದ ಮ್ಯಾಲ ಇದೂ ತೇಲತೈತವಾ" ಎಂದರು ಸಾಹೇಬರು.

ಮುಳುಗಿತು. ಅದೊಂದರ ಹಿಮ್ಮಡಿಗೆ ಮಾತ್ರ ಮೊನ್ನೆ ಕಬ್ಬಿಣದ ಲಾಳ ಹೊಡೆಸಿದ್ದರಂತೆ.

ಸಾಹೇಬರು ಬೋಗುಣಿ ನೋಡಿದರು, ನನ್ನನ್ನು ನೋಡಿದರು, ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾಗದದ ಮೇಲೆ ಪಾಸು ಅಂತ ಬರೆದು, ಒದ್ದೆ ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಹೊರಟರು.

ಹುಡುಗಿ ನನ್ನ ಸೆರಗು ಜಗ್ಗಿದಳು: "ಟೀಚರ್, ಸಾಹೇಬ್ರದು ತಪ್ಪಾತು. ಪಾಪ, ಬೈಬ್ಯಾಡ್ರಿ. ನಾಳಿ ಇನ್ನೊಮ್ಮಿ ಕೇಳೋಣು."