ದಾರ ಕಟ್ಟಿದ ಡಬ್ಬಿ

ಶಂಕರಿ ಜಿಪುಣಿ. ಇದನ್ನು ಮೆತ್ತಗೆ ಹೇಳುವ ದಾರಿಯಿಲ್ಲ. ಎಂಜಲು ಕೈಯಲ್ಲಿ ಕಾಗೆ ಓಡಿಸದವರನ್ನು ಲೋಕ ಕಂಡಿದೆ. ಶಂಕರಿ ಕೈ ತೊಳೆದ ಮೇಲೂ ಓಡಿಸುವವಳಲ್ಲ!

ಕಾಸರಗೋಡು ಕೇರಳಕ್ಕೆ ಸೇರಿದ ಮರುವರ್ಷ ಅವಳ ಗಂಡ ಸುಬ್ರಾಯರಿಗೆ ಎರ್ನಾಕುಳಕ್ಕೆ ವರ್ಗವಾಯಿತು. ತಾಲೂಕು ಕಚೇರಿಯ ಗುಮಾಸ್ತರು. ಸರಕಾರ ಬದಲಾದರೆ ಗಡಿಯ ಜೊತೆ ಗುಮಾಸ್ತನೂ ಸರಿಯಬೇಕಷ್ಟೆ. ಸಾಮಾನಿನೊಂದಿಗೆ ಶಂಕರಿ ಒಂದು ಚಿಟಿಕೆ ಕರ್ಣಕುಂಡಲದ ಬೀಜವನ್ನೂ ತಂದಳು. ಮಲಯಾಳಿಗಳು ಕಾಶಿತ್ತುಂಬ ಎನ್ನುವ ಗಿಡವೇ ಅದು. ಆದರೆ ಇವಳದ್ದು ಸಾಮಾನ್ಯ ಜಾತಿಯಲ್ಲ. ಗುಲಾಬಿಯಂತೆ ಪದರ ಪದರ ಎಸಳು, ಬಿಳಿಯ ಮೇಲೆ ಯಾರೋ ಕುಂಕುಮದ ನೀರು ಎರಚಿದಂತೆ ಕೆಂಪು ಚುಕ್ಕಿ. ಇಡೀ ಎರ್ನಾಕುಳದಲ್ಲಿ ಅಂಥದ್ದು ಇನ್ನೊಂದಿರಲಿಲ್ಲ.

ಆ ಬೀಜವನ್ನು ಅಜ್ಜಿಯ ಮನೆಯಿಂದ ಲಂಗದ ಅಂಚಿಗೆ ಗಂಟು ಕಟ್ಟಿ ತಂದು ಕಾಸರಗೋಡಿನ ಅಂಗಳದಲ್ಲಿ ಮೊದಲು ಬಿತ್ತಿದವಳು ಶಂಕರಿಯ ಮಗಳು ಮೋಹಿನಿ. ಕರ್ಣಕುಂಡಲದ ಬಲಿತ ಕಾಯಿಯನ್ನು ಮುಟ್ಟಿದರೆ ಸಾಕು, ಪಟ್ಟೆಂದು ಒಡೆದು ಬೀಜ ಸಿಡಿಯುತ್ತದೆ. ಮಗುವಿಗೆ ದಿನವಿಡೀ ಅದೇ ಆಟ. ಏಳು ತುಂಬುವ ಮೊದಲೇ ವಿಷಮಜ್ವರ ಬಂದು ಮೋಹಿನಿ ಹೋದಳು. ಆ ಮೇಲೆ ಮನೆಯಲ್ಲಿ ಅವಳ ಹೆಸರನ್ನು ಯಾರೂ ಎತ್ತಲಿಲ್ಲ. ಶಂಕರಿ ಅಳಲೂ ಇಲ್ಲ. ಪ್ರತಿ ಕಾಯಿಗೂ ಹಳೆ ಬಟ್ಟೆಯ ಚೂರು ಕಟ್ಟತೊಡಗಿದಳು. ಒಂದು ಬೀಜವೂ ನೆಲಕ್ಕೆ ಬೀಳಬಾರದು, ಇನ್ನೊಬ್ಬರ ಕೈಗೆ ಹೋಗಬಾರದು.

ಆದರೆ ಎರ್ನಾಕುಳದ ಕನ್ನಡ ಹೆಂಗಸರು ಸುಮ್ಮನಿರುವ ಜಾತಿಯಲ್ಲ. ಪ್ರತಿ ಶುಕ್ರವಾರ ಒಬ್ಬೊಬ್ಬರ ಮನೆಯಲ್ಲಿ ಕುಂಕುಮಕ್ಕೆ ಸೇರುತ್ತಿದ್ದರು. ಹೊರಡುವಾಗ ವೀಳ್ಯದ ಜೊತೆ ಹೂವಿನ ಬೀಜದ ಪೊಟ್ಟಣ. ಅದಕ್ಕೊಂದು ಕಟ್ಟಳೆಯೂ ಇತ್ತು: ಬೀಜ ಕೇಳಿದವರಿಗೆ ಇಲ್ಲ ಎನ್ನಬಾರದು, ಕೊಟ್ಟ ಬೀಜವನ್ನು ಮರಳಿ ಕೇಳಬಾರದು. ಎರಡರಲ್ಲಿ ಯಾವುದನ್ನು ಮುರಿದರೂ ಮನೆಯ ಗಿಡ ಮುನಿಯುತ್ತದಂತೆ! ಫೋರ್ಟ್ ಕೊಚ್ಚಿಯ ರತ್ನ ಕೋಳಿಜುಟ್ಟಿನ ಬೀಜ ಕೊಟ್ಟಳು, ಸುಮಿತ್ರ ಜೀನಿಯಾ ಕೊಟ್ಟಳು. ಶಂಕರಿ ಎಲ್ಲವನ್ನೂ ಇಸಿದುಕೊಂಡಳು. ಕೊನೆಗೆ ಸುಮಿತ್ರ ಕೇಳಿಯೇಬಿಟ್ಟಳು.

"ಶಂಕರಕ್ಕ, ನಿಮ್ಮ ಆ ಚುಕ್ಕಿಯ ಕರ್ಣಕುಂಡಲ ನಮಗೆ ಯಾವಾಗ?"

"ಕೊಡುವ, ಕೊಡುವ. ಎಲ್ಲರಿಗೂ ಕೊಡುವ."

ಮನೆಗೆ ಬಂದವಳೇ ಶಪಥ ಮಾಡಿದಳು. ಕೊಡುತ್ತೇನೆ! ಕೇಳಿದವರಿಗೆಲ್ಲ ಕೊಡುತ್ತೇನೆ! ಅದರಲ್ಲಿ ಒಂದು ಮೊಳಕೆ ಬಂದರೂ ನನ್ನ ಹೆಸರು ಶಂಕರಿಯಲ್ಲ!

ಒಲೆ ಹಚ್ಚಿ, ಕಾವಲಿ ಇಟ್ಟು, ಅರ್ಧದಷ್ಟು ಬೀಜವನ್ನು ಜೀರಿಗೆಯ ಹದಕ್ಕೆ ಹುರಿದಳು. ಹುರಿದ ಮೇಲೂ ಬಣ್ಣ ಬದಲಾಗಲಿಲ್ಲ. ಬ್ರಹ್ಮನಿಗೂ ಗುರುತು ಸಿಗದು.

"ಎಂಥ ಪರಿಮಳ ಮಾರಾಯ್ತಿ? ಸಾರಿಗೆ ಹೊಸ ಪುಡಿಯಾ?" ಸುಬ್ರಾಯರು ಜಗಲಿಯಿಂದ ಕೇಳಿದರು.

"ಹೌದು."

"ಹಾಗಾದರೆ ಇವತ್ತು ಸಾರು ಉಂಟು!"

"ಇಲ್ಲ."

ಸುಬ್ರಾಯರು ಮುಂದೆ ಕೇಳಲಿಲ್ಲ. ಕಚೇರಿಯಲ್ಲಿಯೂ ಅವರು ಮೇಲಿನವರನ್ನು ಎರಡನೆಯ ಪ್ರಶ್ನೆ ಕೇಳಿದವರಲ್ಲ.

ಒಂದೇ ಬಗೆಯ ಎರಡು ಪೌಡರ್ ಡಬ್ಬಿಗಳು. ಹುರಿದ ಬೀಜ ಒಂದರಲ್ಲಿ, ಹಸಿ ಬೀಜ ಇನ್ನೊಂದರಲ್ಲಿ. ಹುರಿದದ್ದರ ಕತ್ತಿಗೆ ಒಂದು ದಾರ. ಮುಂದಿನ ಶುಕ್ರವಾರ ದಾರದ ಡಬ್ಬಿ ಬರಿದಾಗುವವರೆಗೆ ಎಲ್ಲರಿಗೂ ಹಂಚಿದಳು, ಕರ್ಣನೂ ನಾಚುವಂತೆ! ಅದೇ ವಾರ ಗಂಡನ ವರ್ಗಾವಣೆಯೆಂದು ತಿರುವನಂತಪುರಕ್ಕೆ ಹೊರಟಿದ್ದ ಸುಮಿತ್ರಳಿಗಂತೂ ಎರಡು ಪೊಟ್ಟಣ. ಸುಮಿತ್ರ ಕಣ್ಣೊರಸಿಕೊಂಡಳು. ಶಂಕರಿಯ ಕಣ್ಣು ಒಣಗಿಯೇ ಇತ್ತು.

ಮಳೆ ಹಿಡಿಯಿತು. ಶಂಕರಿ ದಾರವಿಲ್ಲದ ತನ್ನ ಡಬ್ಬಿಯನ್ನು ಒಂದು ಬೀಜವೂ ಉಳಿಯದಂತೆ ಕುಂಡಗಳಿಗೆ ಸುರಿದು ಬಿತ್ತಿದಳು. ವಾರ ಕಳೆಯಿತು. ಹುಲ್ಲು ಹುಟ್ಟಿತು, ಪಕ್ಕದ ಮನೆಯ ಪಪ್ಪಾಯಿಯೂ ಹುಟ್ಟಿತು, ಕರ್ಣಕುಂಡಲ ಮಾತ್ರ ಇಲ್ಲ. ಗೊಬ್ಬರ ಬದಲಿಸಿದಳು. ಇರುವೆಗಳನ್ನು ಬೈದಳು. ಅಷ್ಟರಲ್ಲಿ ರತ್ನ ಬೋಟು ಹತ್ತಿ ಓಡಿಬಂದಳು.

"ಶಂಕರಕ್ಕ! ನೀವು ಕೊಟ್ಟ ಬೀಜ ಒಂದೂ ಹುಸಿಯಾಗಲಿಲ್ಲ! ಅಂಗಳ ತುಂಬ ಗಿಡ!"

"ಹಂಗಿಸಬೇಡ ಮಾರಾಯ್ತಿ."

"ಹಂಗಿಸುದೆಂಥದು? ಎಲ್ಲರ ಮನೆಯಲ್ಲಿಯೂ ಬಂದಿದೆ. ನಿಮ್ಮದು ಕೊಡುವ ಕೈ, ಅದಕ್ಕೇ!"

ರತ್ನ ಹೋದ ಮೇಲೆ ಶಂಕರಿ ಸುಬ್ರಾಯರ ವಿಚಾರಣೆ ಆರಂಭಿಸಿದಳು.

"ಡಬ್ಬಿಗೆ ಕಟ್ಟಿದ್ದ ದಾರ ಮುಟ್ಟಿದ್ದೀರಾ?"

"ಯಾವುದು? ಓ, ಅದಾ! ಕೊಡೆಯ ಕಡ್ಡಿ ಬಿಚ್ಚಿಕೊಂಡಿತ್ತು, ಅದಕ್ಕೆ ತೆಗೆದೆ. ನೀನು ಬೈತಿ ಅಂತ ಮರುದಿನವೇ ಬೇರೆ ದಾರ ಕಟ್ಟಿಟ್ಟೆನಲ್ಲ!"

"ಯಾವ ಡಬ್ಬಿಗೆ?"

"ಯಾವುದಕ್ಕಾದರೆ ಎಂಥ? ಎರಡರಲ್ಲಿಯೂ ಒಂದೇ ಬೀಜ ಅಲ್ವಾ?"

ಬೈಯಬೇಕಾದರೆ ಹುರಿದದ್ದನ್ನು ಹೇಳಬೇಕು! ಕೊನೆಗೆ ಹೇಳಿದಳು. ಸುಬ್ರಾಯರು ನಗಬಹುದೆಂದು ಸೌದೆಯೊಂದನ್ನು ಕೈಯಲ್ಲಿ ಹಿಡಿದೇ ಹೇಳಿದಳು. ಅವರು ನಗಲಿಲ್ಲ. ಬರಿಯ ಕುಂಡಗಳ ಕಡೆ ನೋಡಿದರು.

"ಹಾಗಾದರೆ ಮೋಹಿನಿಯ ಹೂ ಹೋಯಿತಾ?"

ಎಷ್ಟೋ ವರ್ಷಗಳ ಮೇಲೆ ಆ ಹೆಸರು ಮನೆಯಲ್ಲಿ ಕೇಳಿಸಿತು. ಶಂಕರಿ ಒಳಗೆ ಹೋಗಿ ಸೌದೆಯನ್ನು ಒಲೆಗೆ ತುರುಕಿದಳು.

ಬೇಡಿ ತರಬಹುದಿತ್ತು. ಕಟ್ಟಳೆ ಅಡ್ಡ, ಕಟ್ಟಳೆಗಿಂತ ಜಂಬ ಅಡ್ಡ. ಕೊಡದವಳಿಗೆ ಬೇಡುವುದು ಹೇಗೆಂದೂ ಗೊತ್ತಿರುವುದಿಲ್ಲ. ಹಾಗಾಗಿ ಕದಿಯುವುದೆಂದು ತೀರ್ಮಾನವಾಯಿತು! ಮೊದಲ ಕಾಯಿಗಳು ಬಲಿಯುವ ಹೊತ್ತಿಗೆ ರತ್ನಳ ಅಂಗಳಕ್ಕೆ ಹೋಗಿ, ಆಚೀಚೆ ನೋಡಿ, ಕೈಯಿಟ್ಟಳು. ಕರ್ಣಕುಂಡಲ ಕಳ್ಳರಿಗೆ ಒಗ್ಗುವ ಗಿಡವಲ್ಲ. ಪಟ್! ಬೀಜ ಬಾವಿಗೆ. ಪಟ್! ಬೀಜ ಶಂಕರಿಯ ಮೂಗಿಗೆ. ರತ್ನ ಹೊರಗೆ ಬಂದಳು.

"ಎಂಥ ಮಾಡ್ತಾ ಇದ್ದೀರಿ ಶಂಕರಕ್ಕ?"

"ಹುಳ... ಹುಳ ನೋಡ್ತಾ ಇದ್ದೆ."

"ಅಯ್ಯೋ ದೇವರೇ, ಕೊಟ್ಟದ್ದಲ್ಲದೆ ಹುಳ ನೋಡಲು ಬೋಟು ಹತ್ತಿ ಬಂದಿರಾ!"

ಸುದ್ದಿ ಹಬ್ಬಿತು. ಎಲ್ಲ ಮನೆಗಳಿಂದಲೂ ಕರೆ. ಶಂಕರಿ ಮನೆ ಮನೆಗೆ ಹೋಗಿ, ತನ್ನ ಮಗಳ ಹೂವಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಇಲ್ಲದ ಹುಳ ಹುಡುಕಿದಳು. ಎದುರಿಗೆ ಮನೆಯೊಡತಿ ಕಾಫಿಯ ಲೋಟ ಹಿಡಿದು, ಕಣ್ಣು ಕೀಳದೆ, ಭಕ್ತಿಯಿಂದ ನಿಂತಿರುತ್ತಿದ್ದಳು. ಇಷ್ಟು ಗೌರವದ ಕಾವಲು ಯಾವ ಖಜಾನೆಗೂ ಇರಲಿಕ್ಕಿಲ್ಲ! ಆ ಮೇಲೆ ಓಣಂ ಬಂತು. ನೆರೆಕರೆಯ ಮಕ್ಕಳು ಬುಟ್ಟಿ ಹಿಡಿದು ಬಂದು ಅಂಗಳದ ಪೂಕ್ಕಳಕ್ಕೆಂದು ಒಂದು ಮೊಗ್ಗೂ ಬಿಡದೆ ಕೊಯ್ದರು. ಹಬ್ಬದ ದಿನ ಬೀದಿಯುದ್ದಕ್ಕೂ ಆ ಬಿಳಿ ಕೆಂಪು ಎಸಳುಗಳ ರಂಗೋಲಿ. ಮರುದಿನ ಅದು ಕಸ. ಮೈಯೆಲ್ಲ ಬೋಳಾದ ಗಿಡಗಳು ಮಳೆಗೆ ಕೊಳೆತುಹೋದವು. ಮೊದಲು ಬಲಿತ ಕಾಯಿಗಳು ಆಗಲೇ ಸಿಡಿದು ಮಳೆನೀರಲ್ಲಿ ಹೋಗಿದ್ದವು; ಇನ್ನು ಹೂವಿಲ್ಲದ ಮೇಲೆ ಬೀಜವೆಲ್ಲಿ?

ಉಳಿದದ್ದು ಸುಮಿತ್ರಳೊಬ್ಬಳು.

ಸುಬ್ರಾಯರು ಸೀನಿಯಾರಿಟಿಯ ಅರ್ಜಿ ಹಿಡಿದು ತಿರುವನಂತಪುರದ ಸೆಕ್ರೆಟೇರಿಯಟ್ಟಿಗೆ ಹೊರಟಿದ್ದರು.

"ನಾನೂ ಬರ್ತೇನೆ," ಎಂದಳು ಶಂಕರಿ.

"ನೀನಾ? ಯಾಕೆ?"

"ಪದ್ಮನಾಭನ ದರ್ಶನಕ್ಕೆ."

ಮೋಹಿನಿ ಹೋದಂದಿನಿಂದ ದೇವರ ದೀಪಕ್ಕೂ ಬತ್ತಿ ಹೊಸೆಯದವಳು! ಸುಬ್ರಾಯರು ಎರಡನೆಯ ಪ್ರಶ್ನೆ ಕೇಳಲಿಲ್ಲ. ಎರಡನೆಯ ಟಿಕೆಟು ತೆಗೆದರು.

ಸುಮಿತ್ರಳ ಮನೆಯ ಮುಂದೆ ಬೇಲಿಯುದ್ದಕ್ಕೂ ಕರ್ಣಕುಂಡಲ. ಅದೇ ಬಿಳಿ, ಅದೇ ಕೆಂಪು ಚುಕ್ಕಿ.

"ಓಣಂಗೆ ಒಂದು ಹೂವನ್ನೂ ಕೊಯ್ಯಲು ಬಿಡಲಿಲ್ಲ ಶಂಕರಕ್ಕ! ಕೋಲು ಹಿಡಿದು ಕೂತಿದ್ದೆ," ಎಂದಳು ಸುಮಿತ್ರ. "ನನಗೆ ನೀವು ಕೊಟ್ಟದ್ದಲ್ವಾ. ನೆರೆಯವರೆಲ್ಲ ನನ್ನನ್ನು ಈಗ ಜಿಪುಣಿ ಅಂತಾರೆ!"

ಸುಮಿತ್ರ ಕೊಟ್ಟ ಉಪ್ಪಿಟ್ಟಿನ ತಟ್ಟೆ ಹಿಡಿದು ಶಂಕರಿ ಬೇಲಿಯ ಕಾಯಿಗಳನ್ನು ಎಣಿಸಿದಳು.

ಮರುದಿನ ಬೆಳಗ್ಗೆ, ಸುಮಿತ್ರ ಒಳಗೆ ದೋಸೆ ಹೊಯ್ಯುತ್ತಿದ್ದಾಗ, ಶಂಕರಿ ಬೇಲಿಯ ಬಳಿಗೆ ಹೋದಳು. ಕೊಬ್ಬಿದ ಕಾಯಿಯೊಂದನ್ನು ಮೆಲ್ಲನೆ ಮುಟ್ಟಿದಳು. ಪಟ್!

"ಅಮ್ಮೇ! ಈ ಮಾಮಿ ಕಾಯ್ ಪೊಟ್ಟಿಕ್ಕುನ್ನು!"

ಸುಮಿತ್ರಳ ಮಗಳು ಸರೋಜ. ಐದಾರು ವರ್ಷ ಇರಬಹುದು. ಕನ್ನಡ ತಿಳಿಯುತ್ತಿತ್ತು, ಉತ್ತರ ಮಾತ್ರ ಮಲಯಾಳದಲ್ಲಿ. ಕಾಯಿ ಒಡೆಯುವ ಮಾಮಿಯನ್ನು ಅವಳು ಈವರೆಗೆ ಕಂಡಿರಲಿಲ್ಲ. ದೂರು ಕೊಟ್ಟದ್ದೇ ಮರೆತು, ಲಂಗ ಎತ್ತಿ ಕಟ್ಟಿ, ತಾನೂ ಆಟಕ್ಕಿಳಿದಳು. ಪಟ್! ಪಟ್! ಬೀಜಗಳು ದಾರಿಗೆ, ಚರಂಡಿಗೆ, ಬೇಲಿಯಾಚೆಗೆ.

"ಬೇಡ!" ಶಂಕರಿಯ ಗಂಟಲಿನಿಂದ ಬಂದ ದನಿಗೆ ಮಗು ಬೆಚ್ಚಿ ಕೈ ಹಿಂದಕ್ಕೆಳೆಯಿತು. ಅಳಲು ತುಟಿ ಉಬ್ಬಿತು.

ಸುಮಿತ್ರ ಸಟ್ಟುಗ ಹಿಡಿದೇ ಬಾಗಿಲಿಗೆ ಬಂದಳು. "ಎಂಥಾಯಿತು ಶಂಕರಕ್ಕ? ಹುಳವಾ?"

ಹುಳ ಎನ್ನಬಹುದಿತ್ತು. ಮಾತು ನಾಲಗೆಯ ತುದಿಯಲ್ಲಿ ಸಿದ್ಧವಾಗಿಯೇ ಇತ್ತು.

"ಅಲ್ಲ," ಎಂದಳು ಶಂಕರಿ. "ನನಗೆ ಬೀಜ ಬೇಕು. ನಮ್ಮಲ್ಲಿ ಒಂದೂ ಹುಟ್ಟಲಿಲ್ಲ."

ಸುಮಿತ್ರ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ ನನ್ನಕ್ಕ! ಒಳ್ಳೆಯದನ್ನೆಲ್ಲ ನಮಗೆ ಕೊಟ್ಟು, ಹುಟ್ಟದ್ದನ್ನು ನೀವು ಇಟ್ಟುಕೊಂಡಿರಾ!"

ಮಾತು ಅಕ್ಷರಶಃ ನಿಜವಾಗಿತ್ತು.

ಒಳಗಿನಿಂದ ದೋಸೆ ಸೀದ ವಾಸನೆ ಬಂತು, ಸುಮಿತ್ರ ಓಡಿದಳು. ಸರೋಜ ಇನ್ನೂ ತುಟಿ ಉಬ್ಬಿಸಿಯೇ ನಿಂತಿದ್ದಳು. ಶಂಕರಿ ಗಿಡದ ಬುಡದಲ್ಲಿ ಒದ್ದೆ ನೆಲದ ಮೇಲೆ ಕುಳಿತು, ಯಾರ ಮುಂದೆಯೂ ಒಡ್ಡದ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಕೊಂಬೆಯ ಕೆಳಗೆ ಹರಡಿದಳು.

"ಹೂಂ," ಎಂದಳು. "ಒಡಿ."

ಮಗು ಒಮ್ಮೆ ಅವಳ ಮುಖ ನೋಡಿತು. ಕಾಯಿ ಮುಟ್ಟಿತು. ಪಟ್! ನಕ್ಕಿತು. ಇನ್ನೊಂದು. ಕೆಲವು ಬೀಜಗಳು ಸೆರಗಿಗೆ ಬಿದ್ದವು. ಹೆಚ್ಚಿನವು ಹೊರಗೆ, ಸುಮಿತ್ರಳ ನೆಲಕ್ಕೆ ಸಿಡಿದವು.

ಹೊರಗೆ ಬಿದ್ದವನ್ನು ಶಂಕರಿ ಹೆಕ್ಕಲಿಲ್ಲ.