ಕಂಡಕ್ಟರ ಸ್ವಾವಲಂಬನೆ

ನಿವೃತ್ತ ಕಂಡಕ್ಟರಿಗೆ ಆ ಬೆಳಿಗ್ಗೆ ಕಾಫಿಯೂ ರುಚಿಸಲಿಲ್ಲ. ಹತ್ತು ಗಂಟೆಗೆ ನೆರವಿನ ಮೇಡಂ ಬರುವವರಿದ್ದರು. ಹಿರಿಯರಿಗೆಂದೇ ಕಟ್ಟಿದ ಆ ನಾಲ್ಕು ಮಹಡಿಯ ವಸತಿಯಲ್ಲಿ ಯಾರ ಮನೆಗೆ ಏನು ಸಹಾಯ ಬೇಕು ಎಂದು ನೋಡಿ ಬರೆದುಕೊಳ್ಳುವುದು ಆಕೆಯ ಕೆಲಸ. ನಾಡಿದ್ದು ಹೆಂಡತಿಗೆ ಮಂಡಿ ಆಪರೇಷನ್. ಆಮೇಲೆ ಆರು ವಾರ ಆಕೆ ಒಲೆಯ ಮುಂದೆ ನಿಲ್ಲುವಂತಿಲ್ಲ.

"ನಮ್ಮ ಕೈಲಾಗಲ್ಲ ಅಂತ ಬರ್ಕೊಂಡ್ರೆ ಮುಗೀತು. ಇಬ್ಬರನ್ನೂ ಮಗಳ ಮನೆಗೆ ಪಾರ್ಸಲ್ ಮಾಡ್ತಾರೆ!"

(ಮಗಳ ಮನೆಯಲ್ಲಿ ಟಿವಿ ರಿಮೋಟ್ ಮೊಮ್ಮಕ್ಕಳ ಸ್ವಾಮ್ಯಕ್ಕೆ ಸೇರಿದ ಸೊತ್ತು. ಅಳಿಯನಂತೂ ಬೆಳಗಿನ ಐದಕ್ಕೇ ಎಬ್ಬಿಸಿ ವ್ಯಾಯಾಮ ಮಾಡಿಸುವ ಮಹಾನುಭಾವ.)

"ಹಾಗೇನಿಲ್ಲಾರೀ, ಅವರು ಬರೋದು..."

"ನೀನು ಸುಮ್ನಿರು. ಮೂವತ್ತೆರಡು ವರ್ಷ ಚೆಕಿಂಗ್‌ನವರನ್ನ ನೋಡಿದೀನಿ. ಅವರು ಬಸ್ ಹತ್ತೋ ಮುಂಚೆ ಎಲ್ಲಾ ಸರಿ ಇರ್ಬೇಕು."

ಎಲ್ಲವೂ ಸರಿಯಾಯಿತು. ಎಂದರೆ, ಹೆಂಡತಿ ಕುಂಟುತ್ತಲೇ ಅಡುಗೆ ಮಾಡಿದರು, ಬಟ್ಟೆ ಒಗೆದರು, ಮಾತ್ರೆಗಳನ್ನು ದಿನವಾರು ಡಬ್ಬಿಗೆ ತುಂಬಿದರು. ಕಂಡಕ್ಟರು ಏಪ್ರನ್ ಕಟ್ಟಿಕೊಂಡರು. ಬಟ್ಟೆ ಒಗೆದದ್ದಕ್ಕೆ ಕಣ್ಣಿಗೆ ಬೀಳುವ ಸಾಕ್ಷಿ ಬೇಡವೇ? ಬಚ್ಚಲುಮನೆಯಲ್ಲಿ ಒಂದು ಕೆಂಪು ಹಗ್ಗ ನೇತಾಡುತ್ತಿತ್ತು. ಅದರ ತುದಿಯ ಬಳೆಗೆ ಹ್ಯಾಂಗರ್ ಸಿಕ್ಕಿಸಿ, ನೀರು ತೊಟ್ಟಿಕ್ಕುವ ಅಂಗಿಯನ್ನು ತೂಗುಹಾಕಿದರು.

ಅದು ಯಾರಾದರೂ ಜಾರಿ ಬಿದ್ದರೆ ಎಳೆದು ಕೆಳಗಿನ ಕಾವಲುಗಾರನನ್ನು ಕರೆಯುವ ಗಂಟೆಯ ಹಗ್ಗ. ಹೆಂಡತಿ ನೂರು ಸಲ ಹೇಳಿದ್ದರು. ಮೇಡಂ ಹೊಸ್ತಿಲು ದಾಟುವುದಕ್ಕೂ ಒದ್ದೆ ಅಂಗಿಯ ಭಾರಕ್ಕೆ ಕೆಳಗೆ ಗಂಟೆ ಬೊಬ್ಬೆ ಹೊಡೆಯುವುದಕ್ಕೂ ಸರಿಹೋಯಿತು. ಕಾವಲುಗಾರ ಔಷಧದ ಪೆಟ್ಟಿಗೆ ಹಿಡಿದು ಏದುಸಿರು ಬಿಡುತ್ತಾ ಓಡಿಬಂದ.

"ಯಾರ್ ಬಿದ್ರು ಸರ್?"

ಘಾಟಿಯ ತಿರುವಿನಲ್ಲೂ ಕಂಬ ಹಿಡಿಯದೆ ಟಿಕೆಟ್ ಹರಿದವರು ಇಷ್ಟಕ್ಕೆಲ್ಲ ವಾಲುತ್ತಾರೆಯೇ? "ಯಾರೂ ಬಿದ್ದಿಲ್ಲಪ್ಪ. ಗಂಟೆ ನೆಟ್ಟಗಿದೆಯೋ ಇಲ್ವೋ ಅಂತ ಪರೀಕ್ಷೆ ಮಾಡ್ದೆ. ಇನ್ಮೇಲೆ ಆಗಾಗ ಮಾಡ್ತಿರ್ತೀನಿ. ನೀನು ಗಾಬರಿಯಾಗ್ಬೇಡ."

'ಜವಾಬ್ದಾರಿಯುತರು' ಎಂದು ಮೇಡಂ ಬರೆದುಕೊಂಡರು.

"ಅಡುಗೆ ಯಾರು ಮಾಡ್ತೀರಿ ಸರ್?"

"ನಾನೇ."

"ಬಟ್ಟೆ?"

"ಅದೂ ನಾನೇ. ಇವಳು ಸೋಪು ಮುಟ್ಟಿದ್ದನ್ನ ನಾನು ನೋಡೇ ಇಲ್ಲ." (ನೋಡಿಲ್ಲವೆಂಬುದು ನಿಜ. ಆ ಹೊತ್ತಿನಲ್ಲಿ ಅವರು ಪೇಪರ್ ಓದುತ್ತಿರುತ್ತಿದ್ದರು.)

"ಮಾತ್ರೆ?"

"ಇಬ್ಬರದೂ ನಂದೇ ಉಸ್ತುವಾರಿ."

ಹೆಂಡತಿ ಕೆಮ್ಮಿದರು. ಮತ್ತೆ ಕೆಮ್ಮಿದರು. ಮೂರನೆಯ ಸಲ ಕೆಮ್ಮಿದಾಗ ಕಂಡಕ್ಟರು ಎದ್ದು ನೀರು ತಂದುಕೊಟ್ಟರು. 'ಹೆಂಡತಿಯ ಆರೈಕೆ: ಬಹಳ ಚೆನ್ನಾಗಿದೆ' ಎಂದು ಅದೂ ದಾಖಲಾಯಿತು.

ಮೇಡಂ ಫೈಲು ಮುಚ್ಚಿದರು. "ಬಹಳ ಸಂತೋಷ ಸರ್. ಅಡುಗೆ, ಬಟ್ಟೆ, ಪಾತ್ರೆಗೆ ಅಂತ ಆರು ವಾರ ದಿನಾ ಒಬ್ಬರನ್ನ ಕಳಿಸೋಣ ಅಂತ ಬಂದಿದ್ದೆ. ನೀವಿರೋವಾಗ ಯಾಕೆ? ಅವರನ್ನ ಮೂರನೇ ಮಹಡಿ ಅಜ್ಜಿ ಮನೆಗೆ ಹಾಕ್ತೀನಿ."

"ಹಾಗಾದ್ರೆ... ಮಗಳ ಮನೆಗೆ ಕಳಿಸೋದು?"

"ಅಯ್ಯೋ, ಯಾರು ಹೇಳಿದ್ರು? ನಿಮ್ಮನೇಲಿ ನೀವೇ ಇರೋ ಹಾಗೆ ನೋಡ್ಕೊಳ್ಳೋದೇ ನಮ್ಮ ಕೆಲಸ!"

ಕಂಡಕ್ಟರ ಬಾಯಲ್ಲಿ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಹೇಳಿದ್ದೆಲ್ಲ ಸುಳ್ಳೆಂದು ಒಪ್ಪಿಕೊಳ್ಳಲು ನಾಲಿಗೆ ಹೊರಳಲಿಲ್ಲ. ಬಾಗಿಲು ಮುಚ್ಚಿದ ಮೇಲೆ ಹೆಂಡತಿಯ ಕೆಮ್ಮು ತಾನಾಗಿಯೇ ವಾಸಿಯಾಗಿತ್ತು.

"ಅದನ್ನೇ ಹೇಳೋಕೆ ಬಂದೆ. ಬಾಯಿ ಮುಚ್ಚಿಸಿದ್ರಿ. ಮಾಡಿದ್ದುಣ್ಣೋ ಮಹರಾಯ!"

ವಾರದ ಮೇಲೆ ಹೆಂಡತಿ ಆಸ್ಪತ್ರೆಯಿಂದ ಬಂದು, ಕಾಲನ್ನು ದಿಂಬಿನ ಮೇಲಿಟ್ಟು ಮಹಾರಾಣಿಯ ಠೀವಿಯಲ್ಲಿ ಕೂತರು. ರಿಮೋಟ್ ಅವರ ಕೈಯಲ್ಲಿತ್ತು. ಒಳಗೆ ಅನ್ನ ತಳ ಹಿಡಿಯುತ್ತಿತ್ತು, ಹಾಲು ಉಕ್ಕಿ ಹರಿಯುತ್ತಿತ್ತು.

"ಉಪ್ಪೆಲ್ಲಿದೆಯೇ?"

"ಅಡುಗೆಯೆಲ್ಲ ನಿಮ್ಮದೇ ಅಲ್ವಾ? ನನಗೇನ್ರೀ ಗೊತ್ತು!"

ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತಾ ಕಂಡಕ್ಟರು ಒಲೆ ಆರಿಸಿದರು. ಸೀದಾ ಬಚ್ಚಲುಮನೆಗೆ ಓಡಿ ಕೆಂಪು ಹಗ್ಗ ಎಳೆದರು. ಯಾರೂ ಬರಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಇನ್ನೊಮ್ಮೆ ಜಗ್ಗಿದರು.

ಕೆಳಗಿನ ಅಂಗಳದಿಂದ ಕಾವಲುಗಾರನ ದನಿ ಕೇಳಿಸಿತು: "ಗಂಟೆ ನೆಟ್ಟಗಿದೆ ಸರ್! ಎರಡು ಸಲವೂ ಚೆನ್ನಾಗಿ ಹೊಡೀತು!"