ಪದ್ಮಯ್ಯನ ಮೀಸೆ, ಯಮುನಳ ಕಂಬಳಿ

ತೊಂದರೆ ಶುರುವಾದದ್ದು ಒಂದು ಮೀಸೆಯಿಂದ. ನಲವತ್ತೆರಡರ ಚಳವಳಿಯಲ್ಲಿ ಪದ್ಮಯ್ಯನನ್ನು ಪೊಲೀಸರು ಹಿಡಿದೊಯ್ದದ್ದನ್ನು ಕಣ್ಣಾರೆ ಕಂಡಿದ್ದ ಡ್ರಾಯಿಂಗ್ ಮಾಸ್ತರು ದೇವರಾಜು ಅದನ್ನು ಮರದ ಹಲಗೆಯಲ್ಲಿ ಕೊರೆದು, ಅಚ್ಚು ಹಾಕಿ, ಸ್ವಾತಂತ್ರ್ಯದ ಹತ್ತನೇ ವರ್ಷಕ್ಕೆಂದು ಮಡಿಕೇರಿಯಲ್ಲೆಲ್ಲ ಹಂಚಿದ್ದ. ಅದರಲ್ಲಿ ಪದ್ಮಯ್ಯನಿಗೆ ಹುಲಿಮೀಸೆ, ಕೈಕಾಲಿಗೆ ಸರಪಳಿ. ಕಾಲ ಬುಡದಲ್ಲಿ ಸಿನಿಮಾದವಳಂಥ ಒಬ್ಬ ಹೆಂಗಸು ಅಳುತ್ತಿದ್ದಳು.

ಪದ್ಮಯ್ಯ ಹುಟ್ಟಿದಾಗಿನಿಂದ ಮೀಸೆ ಬಿಟ್ಟವನಲ್ಲ. ಹಿಡಿದ ಪೊಲೀಸಿನವನೂ ಪರಿಚಯದವನೇ; ಸರಪಳಿ ಹಾಗಿರಲಿ, ದಾರಿಯಲ್ಲಿ ಕಾಫಿ ಕುಡಿಸಿದ್ದ. ಅದೆಲ್ಲ ಹೋಗಲಿ, ಪದ್ಮಯ್ಯ ಈ ಚಿತ್ರಕ್ಕೆ ಕಾದದ್ದು ಹೆಂಡತಿ ಯಮುನಳ ಮುಖಕ್ಕಾಗಿ. ಅವನು ಜೈಲಿನಲ್ಲಿದ್ದಾಗಲೇ ಅವಳು ಚಳಿಜ್ವರದಲ್ಲಿ ತೀರಿಕೊಂಡಿದ್ದಳು. ಒಂದು ಫೋಟೊ ಕೂಡ ಇರಲಿಲ್ಲ. ಹದಿನೈದು ವರ್ಷದಲ್ಲಿ ಆ ಮುಖ ನೆನಪಿನಲ್ಲೂ ಮಾಸುತ್ತಾ ಬಂದಿತ್ತು.

"ಜೋರುಂಟು ಪದ್ಮಯ್ಯಣ್ಣ!" ಎಂದು ಪಕ್ಕದ ಮನೆಯ ಹೊನ್ನಮ್ಮ ಬೆಳಿಗ್ಗೆಯೇ ಬಂದು, ಗೋಡೆಯ ಚಿತ್ರಕ್ಕೆ ಹಾರ ಹಾಕಿ ಊದುಬತ್ತಿ ಹಚ್ಚಿದಳು. ಹಾರ ಕಂಡವರು ಸುಮ್ಮನಿರುತ್ತಾರೆಯೇ? ಹತ್ತು ಗಂಟೆಗೆಲ್ಲ ಚಟ್ಟ ಕಟ್ಟುವ ಬೋಜ ಬಿದಿರು ಹೊತ್ತು ಅಂಗಳಕ್ಕೆ ಬಂದ.

"ನೀವು ಇದ್ದೀರಾ?" ಎಂದ ಬೇಸರದಿಂದ. "ಮೊದ್ಲೇ ಹೇಳ್ಬಾರ್ದಾ? ಬಿದಿರು ಕಡಿದದ್ದು ದಂಡ ಆಯ್ತಲ್ಲ!"

ಪದ್ಮಯ್ಯ ನೇರ ದೇವರಾಜುವಿನ ಮನೆಗೆ ನಡೆದ.

"ಈ ಮೀಸೆ ಎಂತಕೆ ಮಾರಾಯ?"

"ಮೀಸೆ, ಸರಪಳಿ ಇಲ್ದಿದ್ರೆ ದೇಶಭಕ್ತ ಅಂತ ಜನಕ್ಕೆ ಹೆಂಗ್ ಗೊತ್ತಾಗ್ಬೇಕಣ್ಣ? ಕಾಫಿ ಕುಡಿಯೋನ್ನ ಕೊರೆದ್ರೆ ಹೋಟ್ಲು ಅಂದ್ಕೋತಾರೆ."

"ನನ್ನ ಯಮುನ ಅಳ್ಲೇ ಇಲ್ಲ. 'ಕಂಬಳಿ ಬಿಟ್ಟು ಹೋಗ್ತೀರಲ್ಲ, ಬುದ್ಧಿ ಉಂಟಾ?' ಅಂತ ಬೈದಳು. ನಂಗೆ ಆ ಬೈಯುವ ಮುಖ ಬೇಕಿತ್ತು."

ದೇವರಾಜು ಟ್ರಂಕಿನಿಂದ ಹಳದಿಯಾದ ಕಾಗದವೊಂದನ್ನು ತೆಗೆದ. "ಅವತ್ತು ಬೀದೀಲೇ ನಿಂತು ಪೆನ್ಸಿಲಲ್ಲಿ ಬರೆದಿದ್ದು. ಇದು ಇದ್ದದ್ದು ಇದ್ದಂಗೆ."

ಪದ್ಮಯ್ಯ ಕನ್ನಡಕ ಒರೆಸಿಕೊಂಡು ನೋಡಿದ. ಮೀಸೆಯಿಲ್ಲದ ತಾನು ಪೊಲೀಸಿನವನ ಜೊತೆ ಹರಟುತ್ತಾ ಹೋಗುತ್ತಿದ್ದ. ಹಿಂದೆ ಬಾಗಿಲಲ್ಲಿ ಯಮುನ. ಅದೇ ಗೆರೆಯ ಸೀರೆ, ಅದೇ ಕಂಬಳಿ. ಆ ಕಂಬಳಿಯಲ್ಲಿ ಮುಖ ಮುಚ್ಚಿಕೊಂಡು ಅವಳು ಅಳುತ್ತಿದ್ದಳು.

"ನೀವು ತಿರುಗಿ ನೋಡ್ಲಿಲ್ಲ ಅಣ್ಣ" ಎಂದ ದೇವರಾಜು ಮೆಲ್ಲಗೆ. "ಮುಖ ನಂಗೂ ಕಾಣ್ಲಿಲ್ಲ. ಅದ್ಕೇ ಸಿನಿಮಾದವಳ ಮುಖ ಹಾಕ್ದೆ."

ಪದ್ಮಯ್ಯ ಆ ಕಾಗದ ಹಿಡಿದು ಮನೆಗೆ ಬಂದು ಮೀಸೆಯವನನ್ನು ಗೋಡೆಯಿಂದ ಇಳಿಸಿ, ಅಲ್ಲಿ ಇದನ್ನು ಅಂಟಿಸಿ, ಅವನ ಹಾರವನ್ನು ಇದಕ್ಕೆ ಹಾಕಿದ.

ಹೊನ್ನಮ್ಮ ಇಣುಕಿದಳು. "ಇದ್ಯಾರು ಪದ್ಮಯ್ಯಣ್ಣ, ಮುಖವೇ ಇಲ್ವಲ್ಲ?"

"ಕಂಬಳಿಯೊಳಗೆ ಉಂಟು, ನನ್ನ ಯಮುನ" ಎಂದ ಪದ್ಮಯ್ಯ.